ಕಿಲ್ಲಾರಿಯಲ್ಲಿ ಮನೆ ಕಟ್ಟಿದ ಎರಡು ಬಗೆ

1993ರ ಸೆಪ್ಟೆಂಬರ್ 29ರಂದು ಮರಾಠವಾಡದ ಹಳ್ಳಿಗಳಲ್ಲಿ ಗಣಪತಿಯನ್ನು ಕಳಿಸಿ ಬಂದ ಜನ ತಡವಾಗಿ ಮಲಗಿದ್ದರು. ಮರುದಿನ ನಸುಕಿನ 3 ಗಂಟೆ 56 ನಿಮಿಷಕ್ಕೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಭೂಕಂಪದ ಪ್ರಮಾಣ 6.2ರ ಆಸುಪಾಸು. ಅಷ್ಟಕ್ಕೇ ಇಷ್ಟು ಜೀವ ಹೋದದ್ದಕ್ಕೆ ಕಾರಣ ಆ ಮನೆಗಳ ಗೋಡೆ.

ಆ ಗೋಡೆಯ ಗುಣ ನನಗೆ ಚೆನ್ನಾಗಿ ಗೊತ್ತು. ಗಡಿಯ ಈಚೆಗಿರುವ ನಮ್ಮ ಆಳಂದ ತಾಲ್ಲೂಕಿನ ಹಳೆಯ ಮನೆಗಳೂ ಅಂಥವೇ. ಎರಡು ಮೂರು ಅಡಿ ದಪ್ಪ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು, ಮಣ್ಣು. ಸಿಮೆಂಟೂ ಇಲ್ಲ, ಸುಣ್ಣವೂ ಇಲ್ಲ. ಎರಡೂ ಸಾಲುಗಳನ್ನು ಹಿಡಿದಿಡಲು ಆರಪಾರ ಹಾಯುವ ಉದ್ದಗಲ್ಲು ಬೇಕು. ಅಂಥ ಕಲ್ಲು ತರಲು ಖರ್ಚು ಹೆಚ್ಚು, ಹಾಗಾಗಿ ಬಹಳಷ್ಟು ಮನೆಗಳಲ್ಲಿ ಅದೇ ಇರುವುದಿಲ್ಲ. ಮೇಲೆ ಮಣ್ಣಿನ ಮಾಳಿಗೆ. ಸೋರಿದಾಗೆಲ್ಲ ಇನ್ನಷ್ಟು ಬುಟ್ಟಿ ಮಣ್ಣು. ನೆಲ ಅಲುಗಿದರೆ ಎರಡು ಸಾಲು ಬೇರೆಬೇರೆಯಾಗಿ ಉಬ್ಬುತ್ತವೆ, ಮಲಗಿದವರ ಮೇಲೆ ಕಲ್ಲು ಸುರಿಯುತ್ತದೆ. ಅಂದು ಆದದ್ದು ಇದೇ.

ನನ್ನ ಸೋದರತ್ತೆಯನ್ನು ಕೊಟ್ಟದ್ದು ಗಡಿಯಾಚೆ ಉಮರ್ಗಾ ತಾಲ್ಲೂಕಿನ ಒಂದು ಹಳ್ಳಿಗೆ. ಗಡಿಯಲ್ಲಿ ಹೆಣ್ಣು ಕೊಡುವುದು, ತರುವುದು ನಡೆದೇ ಇರುತ್ತದೆ. ಅತ್ತೆ ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಸಿವಿಲ್ ಡಿಪ್ಲೊಮಾ ಮುಗಿಸಿ ಕಟ್ಟಡದ ಕೆಲಸಕ್ಕೆ ಹೊಸದಾಗಿ ಇಳಿದಿದ್ದ ನಾನು ಮುಂದಿನ ಕೆಲವು ವರ್ಷ ನಮ್ಮ ಕಡೆಯ ಗೌಂಡಿಗಳ ಜೊತೆ ಆ ಸೀಮೆಯಲ್ಲಿ ದುರಸ್ತಿ ಕೆಲಸ ಮಾಡಿದೆ. ಆಗ ಕಂಡದ್ದು ಇವತ್ತಿಗೂ ನಮ್ಮ ರಾಜ್ಯಕ್ಕೆ ಬೇಕಾದದ್ದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ವಿಶ್ವಬ್ಯಾಂಕಿನ ನೆರವು ಪಡೆದು ಮಹಾರಾಷ್ಟ್ರ ಸರ್ಕಾರ ಎರಡು ಬಗೆಯಲ್ಲಿ ಮನೆ ಕಟ್ಟಿಸಿತು. ಪೂರ್ತಿ ನೆಲಸಮವಾದ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಸಾಗಿಸಿತು. ಅಲ್ಲಿ ಗುತ್ತಿಗೆದಾರರು, ದಾನಿಗಳು ಮನೆ ಕಟ್ಟಿದರು. ಹೊಲ ಇಲ್ಲದವರಿಗೆ 250 ಚದರಡಿ, ಸಣ್ಣ ಹಿಡುವಳಿಯವರಿಗೆ 400, ದೊಡ್ಡ ಹಿಡುವಳಿಯವರಿಗೆ 750. ಮನೆ ಗಟ್ಟಿ, ರಸ್ತೆ ಅಗಲ, ನಗರದ ಲೇಔಟಿನ ಹಾಗೆ ನೇರ ಸಾಲು. ಅತ್ತೆಯ ಹಳ್ಳಿ ಈ ಪಟ್ಟಿಯಲ್ಲಿತ್ತು. ಒಂದೇ ಅಳತೆಯ ಮನೆಗಳನ್ನು ಒಂದೇ ಕಡೆ ಕಟ್ಟಿದ್ದರಿಂದ ಅವಳ ಭಾವ ಊರಿನ ಆ ತುದಿಗೆ, ಇವಳು ಈ ತುದಿಗೆ. “ಮನಿ ಗಟ್ಟಿ ಅದ ತಮ್ಮಾ, ಇಲ್ಲ ಅನ್ನಂಗಿಲ್ಲ. ಖರೆ, ಒಂದು ಹಿಡಿ ಖಾರ ಬೇಕಂದ್ರ ಚಪ್ಪಲಿ ಮೆಟ್ಟಿ ಹೋಗಬೇಕು” ಅಂದಿದ್ದಳು. ಹಳೆಯ ಓಣಿಯಲ್ಲಿ ಗೋಡೆ ಮೇಲಿಂದಲೇ ಬಟ್ಟಲು ದಾಟುತ್ತಿತ್ತು. ಗಂಡ, ಮಕ್ಕಳನ್ನು ಕಳಕೊಂಡ ಹೆಂಗಸರಿಗೆ ನೆರೆಮನೆ ದೂರವಾಗುವುದು ಸಣ್ಣ ಮಾತಲ್ಲ. ಬೇಸಿಗೆಯಲ್ಲಿ ಕಾಂಕ್ರೀಟಿನ ಸೂರಿನ ಕೆಳಗೆ ಕೂರಲಾಗದೆ ಜನ ಹಳೆ ಊರಿನಿಂದ ತೊಲೆ, ಕಲ್ಲು ಹೊತ್ತು ತಂದು ಅಂಗಳ ಕಟ್ಟಿಕೊಂಡರು, ತಗಡಿನ ಅಡುಗೆಮನೆ ಎಳೆದುಕೊಂಡರು. ಯಾರೂ ಹೇಳಿಕೊಡದೆ ಅವರಾಗಿಯೇ ಮಾಡಿದ ಈ ತಿದ್ದುಪಡಿಯನ್ನು ನಕ್ಷೆ ಬರೆಯುವ ಮೊದಲೇ ಕೇಳಿಕೊಳ್ಳಬಹುದಿತ್ತು.

ಎರಡನೆಯ ಬಗೆಯ ಬಗ್ಗೆ ಪತ್ರಿಕೆಗಳಲ್ಲಿ ಅಷ್ಟು ಬರಲಿಲ್ಲ, ಆದರೆ ಹೆಚ್ಚು ಮನೆಗಳು ಅದರಲ್ಲೇ ಇದ್ದವು. 13 ಜಿಲ್ಲೆಗಳಲ್ಲಿ ಸುಮಾರು 2 ಲಕ್ಷ ಮನೆಗಳನ್ನು ಇದ್ದ ಜಾಗದಲ್ಲೇ ದುರಸ್ತಿ ಮಾಡಿ ಗಟ್ಟಿಗೊಳಿಸುವ ಕೆಲಸ. ದುಡ್ಡು ಕಂತಿನಲ್ಲಿ ಮನೆಯವರ ಕೈಗೆ. ಒಂದು ಹಂತ ಸರಿಯಾಗಿದೆ ಎಂದು ಎಂಜಿನಿಯರು ನೋಡಿದ ಮೇಲೆ ಮುಂದಿನ ಕಂತು. ಗೌಂಡಿಯನ್ನು ಹುಡುಕುವುದು, ಸಾಮಾನು ತರುವುದು, ಕೆಲಸ ಮಾಡಿಸುವುದು ಎಲ್ಲ ಮನೆಯವರದೇ.

ಗೋಡೆ ಕೆಡವದೆ ಹೊಲಿಯುವ ವಿಧಾನವನ್ನು ನಾನು ಕಲಿತದ್ದು ಅಲ್ಲೇ. ಮೂರು ನಾಲ್ಕು ಅಡಿಗೊಂದು ಕಡೆ ಒಂದೊಂದೇ ಕಲ್ಲನ್ನು ಹಾರೆಯಿಂದ ಮೆಲ್ಲಗೆ ಅಲುಗಿಸಿ ಬಿಡಿಸಬೇಕು. ಸುತ್ತಿಗೆ ಹಾಕಿದರೆ ಪಕ್ಕದ ಕಲ್ಲೂ ಸಡಿಲ. ತೂತು ಆಚೆಯಿಂದ ಈಚೆಗೆ ಹಾಯಬೇಕು. ಎರಡೂ ಮುಖದಲ್ಲಿ ಅಗಲ, ನಡುವೆ ಸಣ್ಣದು. ಎರಡು ತುದಿ ಕೊಕ್ಕೆಯಾಗಿ ಬಗ್ಗಿಸಿದ ಸರಳು ಇಟ್ಟು ಕಾಂಕ್ರೀಟ್ ತುಂಬಿ, ಹತ್ತು ದಿನ ನೀರು ಉಣಿಸಬೇಕು. ಗೋಡೆಯ ಎರಡು ಸಾಲು ಆಗ ಒಂದಾಗುತ್ತವೆ. ಮಾಳಿಗೆಯ ಮಣ್ಣನ್ನು ಇಳಿಸಿ ಭಾರ ಕಡಿಮೆ ಮಾಡುವುದು, ಬಾಗಿಲ ಮಟ್ಟದಲ್ಲಿ ಸುತ್ತಲೂ ಪಟ್ಟಿ ಕಟ್ಟುವುದು ಅದರ ಜೊತೆಗೆ. ಇಷ್ಟಕ್ಕೆ ದೊಡ್ಡ ಯಂತ್ರ ಬೇಡ, ಊರಿನ ಗೌಂಡಿ ಸಾಕು.

ಆದರೆ ಗೌಂಡಿ ಅವಸರದಲ್ಲಿ ಸರಳು ಬಿಟ್ಟರೆ ಕೇಳುವವರು ಯಾರು? ಇದಕ್ಕೆ ದಾರಿ ಮಾಡಿದವರು ಹೆಂಗಸರು. ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಅಲ್ಲಿನ ಮಹಿಳೆಯರನ್ನೇ ‘ಸಂವಾದ ಸಹಾಯಕ’ರನ್ನಾಗಿ ಮಾಡಿತು. ಸರ್ಕಾರಕ್ಕೂ ಮನೆಗಳಿಗೂ ನಡುವೆ ಅವರು ಓಡಾಡಿದರು: ಕಂತು ಎಲ್ಲಿ ನಿಂತಿದೆ, ಎಂಜಿನಿಯರು ಯಾವ ಹಳ್ಳಿಗೆ ಬಂದಿಲ್ಲ, ಎಲ್ಲದರ ಲೆಕ್ಕ ಅವರಲ್ಲಿತ್ತು. ನಾವು ಕೆಲಸ ಮಾಡುತ್ತಿದ್ದ ಒಂದು ಮನೆಯಲ್ಲಿ ಅಂಥ ಒಬ್ಬ ಬಾಯಿ ಗಾಜಿನ ಲೋಟದ ನೀರಿಗೆ ಹಿಡಿ ಉಸುಕು ಹಾಕಿ ಕಲಕಿ ಇಟ್ಟಳು. ತುಸು ಹೊತ್ತಿಗೆ ಮೇಲೆ ಮಣ್ಣಿನ ಪದರ ಕುಂತಿತು. ಉಸುಕು ತಂದ ಟ್ರ್ಯಾಕ್ಟರ್ ವಾಪಸ್ಸು ಹೋಯಿತು. ಆಮೇಲೆ ಆ ಓಣಿಗೆ ಮಣ್ಣುಬೆರಕೆ ಉಸುಕು ಬರಲಿಲ್ಲ.

2001ರ ಜನವರಿ 26ಕ್ಕೆ ಕಚ್ಛ್ ನಡುಗಿದಾಗ ಇದೇ ಲಾತೂರಿನ ಹೆಂಗಸರು ಗುಜರಾತಿಗೆ ಹೋಗಿ ಅಲ್ಲಿಯವರ ಜೊತೆ ಕೂತು ತಮ್ಮ ಅನುಭವ ಹೇಳಿದರು. ಗುಜರಾತ್ ಸರ್ಕಾರ ಊರು ಸಾಗಿಸುವುದಕ್ಕಿಂತ ಹೆಚ್ಚಾಗಿ ಮನೆಯವರೇ ಕಟ್ಟಿಕೊಳ್ಳುವ ದಾರಿ ಹಿಡಿಯಿತು. ಕಿಲ್ಲಾರಿಯ ಪಾಠ ಅಲ್ಲಿ ಕೆಲಸಕ್ಕೆ ಬಂತು.

ನಮ್ಮಲ್ಲಿ ಅದು ತಡವಾಗಿ ಬಂತು. 2009ರ ಸೆಪ್ಟೆಂಬರ್ ಕೊನೆಯ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಬಡಾವಣೆಗಳೆದ್ದವು. ಹೊಲಕ್ಕೆ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಎಷ್ಟೋ ಕುಟುಂಬಗಳು ಹೋಗಲಿಲ್ಲ, ಹೋದವರೂ ಹೊಳೆದಂಡೆಗೆ ಮರಳಿದರು. 2019ರ ನೆರೆಯ ಹೊತ್ತಿಗೆ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯನ್ನು ಕಂತಿನಲ್ಲಿ ಮನೆಯವರಿಗೇ ಕೊಟ್ಟಿತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕೊರತೆ ಎಂದರೆ, ದುಡ್ಡಿನ ಜೊತೆ ಲೋಟದಲ್ಲಿ ಉಸುಕು ಕಲಕಿ ನೋಡುವಂಥ ಆ ಬಾಯಿಯೂ ಬೇಕು, ಕಲಿತ ಗೌಂಡಿಯೂ ಬೇಕು. ಇನ್ನೊಂದು, ಕಂತು ಸಲೀಸಾಗಿ ಬರುವುದು ಕಾಗದಪತ್ರ ಇದ್ದವರ ಹೆಸರಿಗೆ. ಗಾವಠಾಣದ ಅಂಚಿನಲ್ಲಿ ಹಕ್ಕುಪತ್ರವಿಲ್ಲದೆ ಬದುಕುವವರು, ಬಾಡಿಗೆಗೆ ಇರುವವರು ಈ ಲೆಕ್ಕದ ಹೊರಗೆ ಉಳಿದುಬಿಡಬಹುದು. ಕಿಲ್ಲಾರಿಯಲ್ಲಿ ಹೊಲವಿಲ್ಲದವರಿಗೂ 250 ಚದರಡಿ ಸಿಕ್ಕಿತ್ತು ಎಂಬುದನ್ನು ನೆನಪಿಡಬೇಕು.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ನೆಲ ಅದುರಿ ಜನ ಬಯಲಲ್ಲಿ ಮಲಗಿದರು. ಅಲ್ಲಿ ನಿಂತಿರುವುದೂ ಅದೇ ದಪ್ಪ ಕಲ್ಲುಮಣ್ಣಿನ ಗೋಡೆ. ಬಿದ್ದ ಮೇಲೆ ಕೊಡುವ ಪರಿಹಾರದ ಒಂದು ಪಾಲನ್ನು ಬೀಳುವ ಮೊದಲೇ ಕೊಟ್ಟರೆ ಎಷ್ಟೋ ಮನೆಗಳಿಗೆ ಸರಳು, ಪಟ್ಟಿ ಬೀಳುತ್ತವೆ. ಕಲ್ಯಾಣ ಕರ್ನಾಟಕದ ಪಂಚಾಯತಿಗಳು ಮೊದಲಿಗೆ ಒಂದೊಂದು ಹಳ್ಳಿಯಲ್ಲಿ ಒಂದೊಂದು ಮನೆಯನ್ನು ಹೀಗೆ ಗಟ್ಟಿ ಮಾಡಿ ತೋರಿಸಲಿ. ಕೆಲಸ ಬಲ್ಲ ಗೌಂಡಿಗಳು ಗಡಿಯಾಚೆ, ಉಮರ್ಗಾದಲ್ಲಿ ಇನ್ನೂ ಇದ್ದಾರೆ, ಕರೆದರೆ ಬರುತ್ತಾರೆ.