ಬೇಲಿಯೇ ಹೊಲ ಮೇಯ್ದಾಗ

ಶರಣರು ಕಾಯವನ್ನು ತುಚ್ಛವೆಂದು ತಳ್ಳಲಿಲ್ಲ. ಲಿಂಗದ ನೆಲೆಯೆಂದು ಗೌರವಿಸಿದರು. ಈ ಕಾಯಕ್ಕೆ ಬೇಲಿಯಂತಿರುವವು ರಕ್ತದಲ್ಲಿನ ಪ್ರತಿಕಾಯಗಳು. ಹೊರಗಿನಿಂದ ಬರುವ ರೋಗಾಣುಗಳನ್ನು ಗುರುತಿಸಿ ಹಿಡಿಯುವುದು ಅವುಗಳ ಕಾಯಕ. ಸ್ವಪರ ವಿವೇಕ ತಪ್ಪಿ ಅವು ಸ್ವಂತ ಜೀವಕೋಶಗಳ ಮೇಲೆಯೇ ಎರಗಿದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಇಂತಹ ವ್ಯಾಧಿಗಳಲ್ಲೊಂದು ಲೂಪಸ್. ಇದಕ್ಕೆ ತುತ್ತಾದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು, ಹೆಚ್ಚಿನವರು ಹರೆಯದವರು. ಕೀಲುನೋವು, ಕೆನ್ನೆಗಳ ಮೇಲೆ ಕೆಂಪು, ಬಿಡದ ಆಯಾಸ ಇದರ ಲಕ್ಷಣಗಳು, ಮೂತ್ರಪಿಂಡಗಳಿಗೂ ಹಾನಿಯಾಗಬಹುದು. ಸ್ಟಿರಾಯ್ಡ್ ಮೊದಲಾದ ಔಷಧಿಗಳು ಈ ಉಪದ್ರವವನ್ನು ತಗ್ಗಿಸುತ್ತವೆ. ಆದರೆ ಅವು ಒಳ್ಳೆಯ ಬೇಲಿಯನ್ನೂ ಸಡಿಲಿಸುವುದರಿಂದ ಸೋಂಕಿನ ಭಯವುಂಟು.

ತಪ್ಪಿದ್ದನ್ನಷ್ಟೇ ತಿದ್ದಲಾಗದೇ? ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಸಿಲ್ವಿಯಾನ್ ಮುಲ್ಲರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಈ ಪ್ರಶ್ನೆಯ ಬೆನ್ನುಹತ್ತಿದರು. ಲೂಪಸ್ ರೋಗದಲ್ಲಿ ದಾಳಿಗೆ ಗುರಿಯಾಗುವ ದೇಹದ್ದೇ ಒಂದು ಪ್ರೋಟೀನಿನಿಂದ 21 ಅಮೈನೋ ಆಮ್ಲಗಳ ತುಣುಕನ್ನು ಆಯ್ದು, ಮೂಲ ಪ್ರೋಟೀನಿನ ಎಣಿಕೆಯಲ್ಲಿ 140ನೆಯದಾದ ಸ್ಥಾನಕ್ಕೆ ಫಾಸ್ಫೇಟ್ ಜೋಡಿಸಿ, ಕೃತಕವಾಗಿ ರಚಿಸಿದರು. 'ಪಿ140' ಎಂಬ ಈ ಪೆಪ್ಟೈಡ್ ಪ್ರತಿಕಾಯಗಳನ್ನು ನೇರವಾಗಿ ಕೊಲ್ಲುವುದಿಲ್ಲ. ಸ್ವಂತ ಪ್ರೋಟೀನಿನ ಚೂರುಗಳನ್ನು 'ಇದು ಶತ್ರು' ಎಂಬಂತೆ ಟಿ ಕೋಶಗಳ ಮುಂದಿಡುವ ಕ್ರಿಯೆಯನ್ನು ತಗ್ಗಿಸುತ್ತದೆ. ಟಿ ಕೋಶಗಳ ಪ್ರಚೋದನೆ ಇಳಿದರೆ, ಪ್ರತಿಕಾಯಗಳನ್ನು ಉತ್ಪಾದಿಸುವ ಬಿ ಕೋಶಗಳೂ ಶಾಂತವಾಗುತ್ತವೆ. ಲೂಪಸ್ ಪೀಡಿತ ಇಲಿಗಳಲ್ಲಿ ಹಾನಿಕರ ಪ್ರತಿಕಾಯಗಳು ಕುಗ್ಗಿ, ಅವುಗಳ ಆಯುಷ್ಯವೂ ಹೆಚ್ಚಿತು.

ಮನುಷ್ಯರ ಮೇಲಿನ ಮೊದಲ ಪರೀಕ್ಷೆಗಳು ಭರವಸೆ ತಂದವು. ಆದರೆ 2018ರಲ್ಲಿ ಹೊರಬಿದ್ದ ಮೂರನೆಯ ಹಂತದ ಫಲಿತಾಂಶದಲ್ಲಿ, ಹುಸಿ ಮದ್ದು ಪಡೆದವರಿಗಿಂತ ಮಿಗಿಲಾದ ನಿರ್ಣಾಯಕ ಲಾಭ ಸಿದ್ಧವಾಗಲಿಲ್ಲ. ಆ ಸೋಲನ್ನು ಮುಚ್ಚಿಡದೆ ಹೇಳುವುದೇ ಸತ್ಯಶುದ್ಧ ಕಾಯಕ. ದಾರಿ ಕಂಡಿದೆ, ಊರು ಇನ್ನೂ ಸಿಕ್ಕಿಲ್ಲ.

ಆದ್ದರಿಂದ ಹೊಸ ಮದ್ದಿನ ಸುದ್ದಿ ಕೇಳಿ ಯಾರೂ ಈಗಿನ ಮಾತ್ರೆಗಳನ್ನು ನಿಲ್ಲಿಸಬಾರದು. ವೈದ್ಯರನ್ನು ಕೇಳದೆ ಬಿಟ್ಟರೆ ರೋಗ ಉಲ್ಬಣಿಸೀತು. ಬಿಸಿಲಿನಿಂದ ಮೈಯನ್ನು ಕಾಪಾಡಿಕೊಳ್ಳಬೇಕು. ಮತ್ತೊಂದು ಮಾತು: ಇದು ಅಂಟುರೋಗವಲ್ಲ, ಪೂರ್ವಜನ್ಮದ ಪಾಪವೂ ಅಲ್ಲ. ಪಂಚಸೂತಕಗಳನ್ನೇ ಅಳಿದ ಧರ್ಮದವರಾದ ನಾವು, ರೋಗಕ್ಕೆ ಆರನೆಯ ಸೂತಕವನ್ನು ಹೊರಿಸಿ ಮಗಳನ್ನು ಮರೆಮಾಡುವುದಾಗಲಿ, ಸೊಸೆಯನ್ನು ತವರಿಗಟ್ಟುವುದಾಗಲಿ ಸಲ್ಲದು. ದೇಹದ ಬೇಲಿ ವಿವೇಕ ತಪ್ಪಿದ್ದಾಗ ಮನೆಯ ಬೇಲಿಯಾದರೂ ಗಟ್ಟಿಯಾಗಿ ನಿಲ್ಲಲಿ.