ತಾಮ್ರದ ಹದ

ವಿದ್ಯುತ್ ಪ್ರಯೋಗಗಳಲ್ಲಿ ಆಸಕ್ತಿಯುಳ್ಳವರು ತಂತಿಯನ್ನಷ್ಟೇ ಅಲ್ಲದೆ ತಾಮ್ರದ ಕೊಳವೆಯನ್ನೂ ಸುರುಳಿಯಾಗಿ ಸುತ್ತುವುದುಂಟು. ರೇಡಿಯೋ ಪ್ರೇಷಕಗಳಲ್ಲಿ ಇಂತಹ ಸುರುಳಿಗಳನ್ನು ಕಾಣಬಹುದು. ಟೊಳ್ಳಾದ ಕೊಳವೆಯು ಗಟ್ಟಿ ಸರಳಿನಷ್ಟು ಚೆನ್ನಾಗಿ ವಿದ್ಯುತ್ತನ್ನು ಸಾಗಿಸೀತೇ ಎಂಬ ಸಂದೇಹ ಸಹಜ. ಆದರೆ ಸೆಕೆಂಡಿಗೆ ಹತ್ತು ಲಕ್ಷ ಆವರ್ತಗಳುಳ್ಳ ಪರ್ಯಾಯ ಪ್ರವಾಹವು ಬಹುಮಟ್ಟಿಗೆ ತಾಮ್ರದ ಹೊರಮೈಯ ಸುಮಾರು 0.07 ಮಿಲಿಮೀಟರ್ ದಪ್ಪದ ಪದರದಲ್ಲಿಯೇ ಹರಿಯುತ್ತದೆ. ಆದುದರಿಂದ ಒಳಗಿನ ಲೋಹದ ಅಗತ್ಯ ಅಲ್ಲಿಲ್ಲ.

ಈ ಕೊಳವೆಯನ್ನು ಬಾಗಿಸುವಾಗ ಒಂದು ವಿಚಿತ್ರ ಕಂಡುಬರುತ್ತದೆ. ಮೊದಲು ಸುಲಭವಾಗಿ ಮಣಿದ ತಾಮ್ರವು ಬಾಗಿಸಿದಷ್ಟೂ ಪೆಡಸಾಗುತ್ತದೆ. ಮತ್ತೆ ಮತ್ತೆ ಬಾಗಿಸಿದರೆ ಬಿರಿಯುತ್ತದೆ. ಇದಕ್ಕೆ ಕಾರಣವೇನು?

ತಾಮ್ರವು ಅಸಂಖ್ಯಾತ ಸಣ್ಣ ಸ್ಫಟಿಕಗಳ ಸಮೂಹ. ಸ್ಫಟಿಕದಲ್ಲಿ ಪರಮಾಣುಗಳು ಸಾಲುಸಾಲಾಗಿದ್ದರೂ ಆ ಸಾಲುಗಳಲ್ಲಿ ಅಲ್ಲಲ್ಲಿ ದೋಷಗಳಿರುತ್ತವೆ. ಈ ದೋಷಗಳು ಸರಿದಾಡುವುದರಿಂದಲೇ ಲೋಹ ಬಾಗುತ್ತದೆ ಎಂದು 1934ರಲ್ಲಿ ಟೇಲರ್, ಒರೊವಾನ್ ಮತ್ತು ಪೊಲಾನಿ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ವಿವರಿಸಿದರು. ಬಾಗಿಸಿದಷ್ಟೂ ದೋಷಗಳು ಹೆಚ್ಚಿ, ಜಾತ್ರೆಯ ಸಂದಣಿಯಲ್ಲಿ ಸಿಕ್ಕ ಜನರಂತೆ ಒಂದು ಮತ್ತೊಂದರ ದಾರಿಗೆ ಅಡ್ಡವಾಗುತ್ತವೆ. ಆಗ ಲೋಹ ಮಣಿಯದು.

ಇದಕ್ಕೆ ಪರಿಹಾರ ಬೆಂಕಿ. ತಾಮ್ರವು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕಿಂತ ಬಹಳ ಕೆಳಗೆ, ಸುಮಾರು 600 ಡಿಗ್ರಿಯಲ್ಲಿ, ಅದು ಮಬ್ಬುಗೆಂಪಾಗಿ ತೋರುತ್ತದೆ. ಅಷ್ಟು ಕಾದಾಗ ಪರಮಾಣುಗಳು ಚಲಿಸಿ, ಹಳೆಯ ಸ್ಫಟಿಕಗಳ ಸ್ಥಾನದಲ್ಲಿ ದೋಷ ಕಡಿಮೆಯಿರುವ ಹೊಸ ಸ್ಫಟಿಕಗಳು ಮೂಡುತ್ತವೆ. ತಾಮ್ರ ಪುನಃ ಮೃದುವಾಗುತ್ತದೆ. ಅತಿಯಾಗಿ ಕಾಸಿದರೆ ಮಾತ್ರ ಸ್ಫಟಿಕಗಳು ದೊಡ್ಡವಾಗಿ, ಬಾಗಿಸಿದ ಮೈ ತರಿತರಿಯಾಗುತ್ತದೆ. ಬಿಂದಿಗೆ, ಹಂಡೆಗಳನ್ನು ಬಡಿದು ಮಾಡುವ ಕುಶಲಕರ್ಮಿಗಳು ಪೆಡಸಾದ ತಗಡನ್ನು ಆಗಾಗ ಕುಲುಮೆಗೆ ಒಡ್ಡುವುದು ಈ ಹದಕ್ಕಾಗಿಯೇ. ವಿಜ್ಞಾನವು ಕಾರಣವನ್ನು ತಿಳಿಸುವುದಕ್ಕೆ ಎಷ್ಟೋ ಮೊದಲೇ ಅವರ ಕೈಗಳು ಕಾರ್ಯವನ್ನು ಬಲ್ಲವಾಗಿದ್ದವು.

ಕೆಂಪಗೆ ಕಾದ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಅದು ಗಡುಸಾಗುತ್ತದೆ. ತಾಮ್ರ ಹಾಗಲ್ಲ, ನೀರಿನಲ್ಲಿ ಅದ್ದಿದರೂ, ತಾನಾಗಿ ಆರಲು ಬಿಟ್ಟರೂ ಅದು ಮೃದುವಾಗಿಯೇ ಉಳಿಯುತ್ತದೆ. ಒಂದು ಲೋಹದ ನಿಯಮವನ್ನು ಇನ್ನೊಂದಕ್ಕೆ ಕಣ್ಣು ಮುಚ್ಚಿ ಅನ್ವಯಿಸಲಾಗದು.

ಈ ಕೆಲಸವನ್ನು ಉಪಾಧ್ಯಾಯರ ಸಮ್ಮುಖದಲ್ಲಿಯೇ ಮಾಡಬೇಕು. ಎರಡೂ ತುದಿ ಮುಚ್ಚಿದ ಕೊಳವೆಯನ್ನು ಎಂದಿಗೂ ಕಾಸಬಾರದು. ಒಳಗಿನ ಗಾಳಿ ಹಿಗ್ಗಿ ಅಪಾಯವಾದೀತು. ಕಾದ ಕೊಳವೆಯನ್ನು ನೀರಿಗೆ ಅದ್ದಿದರೆ ಮೇಲಿನ ತುದಿಯಿಂದ ಬಿಸಿ ಹಬೆ ಚಿಮ್ಮುವುದರಿಂದ, ಅದನ್ನು ತಾನಾಗಿ ಆರಲು ಬಿಡುವುದೇ ಲೇಸು. ಪೂರ್ಣವಾಗಿ ಆರಿದ ಮೇಲೆ ಒಣ ಮರಳನ್ನು ತುಂಬಿ, ತುದಿಗಳನ್ನು ಬಿರಡೆಯಿಂದ ಮುಚ್ಚಿ, ಮರದ ಉರುಳೆಯ ಸುತ್ತ ನಿಧಾನವಾಗಿ ಸುತ್ತಬೇಕು. ಮರಳು ಕೊಳವೆಯ ಮೈ ನಜ್ಜುಗುಜ್ಜಾಗದಂತೆ ಕಾಯುತ್ತದೆ.

ಸುತ್ತುವಾಗ ತಾಮ್ರ ಮತ್ತೆ ತುಸು ಪೆಡಸಾಗುತ್ತದೆ. ಆದರೆ ಈಗ ಅದು ದೋಷವಲ್ಲ. ಮೊದಲು ನಮ್ಮ ಕೈಗೆ ಎದುರಾಗಿದ್ದ ಆ ಪೆಡಸುತನವೇ ಸಿದ್ಧವಾದ ಸುರುಳಿಯ ಆಕಾರವನ್ನು ಹಿಡಿದಿಡುತ್ತದೆ.