ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣದಿದ್ದರೆ?

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದ ಕಾಲ. ಚಾಮರಾಜನಗರದಲ್ಲಿ ಆಗಿನ್ನೂ ಜಟಕಾಗಳಿದ್ದವು. ಜಟಕಾದವರೊಬ್ಬರ ಬಳಿ ಬಡಕಲು ಎಳೆ ಕುದುರೆಯೊಂದಿತ್ತು. ರಸ್ತೆಯಲ್ಲಿ ಮಳೆನೀರು ನಿಂತಿದ್ದರೆ ಸಾಕು, ನಾಲ್ಕೂ ಕಾಲು ಊರಿ ನಿಂತುಬಿಡುತ್ತಿತ್ತು. ಹೊಡೆದರೆ ಹಿಂದಕ್ಕೆ ಸರಿಯುತ್ತಿತ್ತು. ‘ಮೊಂಡು’ ಎಂದು ಹೆಸರಾದ ಅದನ್ನು ಯಜಮಾನ ಕೊನೆಗೆ ಸಿಕ್ಕಷ್ಟು ಬೆಲೆಗೆ ಮಾರಿದ. ಕೊಂಡವರು ವಯಸ್ಸಾದ ಸಾಬರೊಬ್ಬರು. ಅವರು ಚಾವಟಿ ಮುಟ್ಟಲಿಲ್ಲ. ನೀರಿನ ಬಳಿ ಬಂದಾಗ ಲಗಾಮು ಸಡಿಲ ಬಿಟ್ಟು, ಅದು ತಲೆ ತಗ್ಗಿಸಿ ಮೂಸಿ ನೋಡುವವರೆಗೂ ಬೀಡಿ ಸೇದುತ್ತ ಕಾಯುತ್ತಿದ್ದರು. ಮುಂದಿನ ಮಳೆಗಾಲದ ಹೊತ್ತಿಗೆ ಅದೇ ಕುದುರೆ ನೀರು ದಾಟಿ ಜಟಕಾ ಎಳೆಯುತ್ತಿತ್ತು!

ನನಗದು ಪವಾಡದಂತೆ ಕಂಡಿತ್ತು. ವಿಜ್ಞಾನ ಓದಿದ ಮೇಲೆ ಅದರ ಕಾರಣ ತಿಳಿಯಿತು.

ಕುದುರೆ ಕಂಡ ಲೋಕ

ಕುದುರೆಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕಗಳಲ್ಲಿ. ಆದ್ದರಿಂದ ಅದು ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿಯಷ್ಟು ನೋಡಬಲ್ಲದು. ಆದರೆ ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಹಾಗೂ ಬಾಲದ ಹಿಂದೆ ಅದಕ್ಕೆ ಕುರುಡು. ಬೆಳಕಿನಿಂದ ಕತ್ತಲಿಗೆ ಹೋದಾಗ ಅದರ ಕಣ್ಣು ಹೊಂದಿಕೊಳ್ಳಲು ನಮ್ಮ ಕಣ್ಣಿಗಿಂತ ಹೆಚ್ಚು ಸಮಯ ಬೇಕು. ಹುಲ್ಲು ಮೇಯುವ ಈ ಪ್ರಾಣಿ ಹಿಂಸ್ರಪ್ರಾಣಿಗಳಿಂದ ಓಡಿಯೇ ಬದುಕಿ ಬಂದದ್ದು. ಅರ್ಥವಾಗದ್ದು ಎದುರಾದರೆ ಹಿಂದೆಗೆಯುವುದು ಅದರ ಹುಟ್ಟುಗುಣ. ಕಾಲ ಬುಡದ ನೀರನ್ನು ನೋಡಲು ಅದು ತಲೆ ತಗ್ಗಿಸಬೇಕು. ಲಗಾಮು ಬಿಗಿ ಹಿಡಿದರೆ ತಗ್ಗಿಸುವುದಾದರೂ ಹೇಗೆ? ನಾವೇ ನೋಡಲು ಬಿಡದೆ, ನಾವೇ ಅದಕ್ಕೆ ಮೊಂಡು ಎಂದು ಹೆಸರಿಟ್ಟೆವು.

ನೆರಳಿಗೆ ಹೆದರಿದವನು

ಇಂಥದೇ ಪ್ರಸಂಗವನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ದೊರೆ ಫಿಲಿಪ್‌ನ ಮುಂದೆ ಮಾರಾಟಕ್ಕೆ ತಂದ ಕುದುರೆಯೊಂದು ಯಾರನ್ನೂ ಹತ್ತಿರ ಸೇರಿಸಲಿಲ್ಲ. ದೊರೆ ಅದನ್ನು ಹಿಂದಕ್ಕೆ ಕಳುಹಿಸುವಂತೆ ಹೇಳಿದ. ಆದರೆ ಅದು ತನ್ನ ನೆರಳಿಗೆ ಬೆದರುತ್ತಿದೆಯೆಂಬುದನ್ನು ಗಮನಿಸಿದ್ದವನು ಅವನ ಮಗ, ಬಾಲಕ ಅಲೆಗ್ಸಾಂಡರ್. ಕುದುರೆಯ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿದ, ನೆರಳು ಹಿಂದಾಯಿತು. ಆ ಬ್ಯುಸೆಫಾಲಸ್ ಅವನನ್ನು ನಮ್ಮ ಝೇಲಂ ನದಿಯ ದಡದವರೆಗೆ ಹೊತ್ತು ತಂದಿತು. ಕ್ರಿ.ಪೂ. 326ರಲ್ಲಿ ಅಲ್ಲಿಯೇ ಅದು ಸತ್ತಾಗ, ಅದರ ಹೆಸರಿನಲ್ಲಿ ಅವನು ಊರೊಂದನ್ನೇ ಕಟ್ಟಿಸಿದ.

ಎಂಬತ್ತು ಡಾಲರಿನ ಕುದುರೆ

ಇನ್ನೊಂದು ಉದಾಹರಣೆ ಅಮೆರಿಕದ್ದು. 1956ರ ಚಳಿಗಾಲ. ಪೆನ್ಸಿಲ್ವೇನಿಯಾದ ಕುದುರೆ ಸಂತೆಗೆ ಹ್ಯಾರಿ ಡಿ ಲೇಯರ್ ಎಂಬ ಸವಾರಿ ಶಿಕ್ಷಕ ತಡವಾಗಿ ಬಂದ. ಉಳಿದಿದ್ದವು ಕಸಾಯಿಖಾನೆಗೆ ಹೊರಟ ಲಾರಿಯಲ್ಲಿದ್ದ ಕುದುರೆಗಳು ಮಾತ್ರ. ಅವುಗಳಲ್ಲಿ ನೇಗಿಲೆಳೆದು ಸವೆದಿದ್ದ ಬೂದುಬಣ್ಣದ ಕುದುರೆಯೊಂದನ್ನು 80 ಡಾಲರ್ ಕೊಟ್ಟು ಇಳಿಸಿಕೊಂಡ. ‘ಸ್ನೋಮ್ಯಾನ್’ ಎಂದು ಹೆಸರಿಟ್ಟು, ಸ್ವಲ್ಪ ಕಾಲದ ನಂತರ ನೆರೆಯವರೊಬ್ಬರಿಗೆ ಮಾರಿದ. ಅದೋ, ಎತ್ತರದ ಬೇಲಿಗಳನ್ನು ಹಾರಿ ಮತ್ತೆ ಮತ್ತೆ ಹಳೆಯ ಮನೆಗೇ ಬರುತ್ತಿತ್ತು! ತುಂಟತನ ಎಂದು ಕಂಡದ್ದರಲ್ಲಿ ಡಿ ಲೇಯರ್‌ಗೆ ಹಾರುವ ಶಕ್ತಿ ಕಾಣಿಸಿತು. ಕುದುರೆಯನ್ನು ಮರಳಿ ಕೊಂಡು ತರಬೇತಿ ಕೊಟ್ಟ. 1958 ಮತ್ತು 1959ರಲ್ಲಿ ಸ್ನೋಮ್ಯಾನ್ ನೆಗೆತದ ಸ್ಪರ್ಧೆಗಳಲ್ಲಿ ಅಮೆರಿಕದ ಚಾಂಪಿಯನ್. ನಮ್ಮ ಕುಣಿಗಲ್ ಫಾರಂನಲ್ಲಿ ದಶಕಗಳ ಕಾಲ ಬೆಳೆದ ರೇಸ್ ಕುದುರೆಗಳಿಗೆ ವಂಶಾವಳಿಯ ದಾಖಲೆಯಿತ್ತು. ಸ್ನೋಮ್ಯಾನ್‌ಗೆ ಅಂಥದ್ದು ಯಾವುದೂ ಇರಲಿಲ್ಲ.

ಕಲಿಸುವ ಬಗೆ

ಪಳಗಿಸುವವರು ಹಗ್ಗವನ್ನು ಮೃದುವಾಗಿ ಎಳೆಯುತ್ತಾರೆ. ಕುದುರೆ ಒಂದು ಹೆಜ್ಜೆ ಮುಂದಿಟ್ಟ ಕ್ಷಣವೇ ಸಡಿಲಿಸುತ್ತಾರೆ. ಕುದುರೆ ಕಲಿಯುವುದು ಎಳೆತದಿಂದಲ್ಲ, ಆ ಸಡಿಲಿಕೆಯಿಂದ. ಹೆಜ್ಜೆಯಿಟ್ಟ ಮೇಲೂ ಎಳೆಯುತ್ತಲೇ ಇದ್ದರೆ, ಹೆಜ್ಜೆಯಿಟ್ಟು ಪ್ರಯೋಜನವಿಲ್ಲ ಎಂದೇ ಅದು ಕಲಿಯುತ್ತದೆ. ಆತುರವೂ ಸಲ್ಲದು. ಕುದುರೆಯ ಬೆನ್ನುಮೂಳೆಯ ಬೆಳವಣಿಗೆ ಪೂರ್ಣವಾಗಲು ಐದಾರು ವರ್ಷ ಬೇಕು. ಎಳೆಯ ಬೆನ್ನಿನ ಮೇಲೆ ಅತಿಯಾದ ಭಾರ ಹೇರಿದರೆ ಅದು ಕೆಡುವ ಅಪಾಯವಿದೆ.

ಇಷ್ಟೆಲ್ಲ ತಿಳಿದೂ ನಾನು ತಪ್ಪಿದ್ದುಂಟು. ಗುಂಡ್ಲುಪೇಟೆ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಬೋರ್ಡಿನ ಮೇಲಿದ್ದುದನ್ನು ಬರೆದುಕೊಳ್ಳುತ್ತಲೇ ಇರಲಿಲ್ಲ. ಅರಿಶಿನ ಬೆಳೆಯುವ ರೈತರ ಮಗ. ಅವರಪ್ಪ ಬಂದು, “ಇವನಿಗೆ ಓದು ಹತ್ತಲ್ಲ, ಹೊಲಕ್ಕೇ ಹಾಕ್ಕೊಳ್ತೀನಿ ಸಾರ್” ಎಂದಾಗ ನಾನು ಬೇಡ ಎನ್ನಲಿಲ್ಲ. ಅಷ್ಟರೊಳಗೆ ಹಲವು ಸಲ ಬೆತ್ತ ಬೀಸಿದ್ದೆ. ಆ ವಾರ ಕಣ್ಣಿನ ತಪಾಸಣೆಗೆ ಬಂದ ವೈದ್ಯರು ಹುಡುಗನಿಗೆ ದೂರದ್ದು ಕಾಣಿಸುವುದೇ ಇಲ್ಲ ಎಂದರು. ಬೆಳಕಿನ ವಕ್ರೀಭವನ, ಮಸೂರ, ಸಮೀಪದೃಷ್ಟಿ ಎಲ್ಲವನ್ನೂ ಅದೇ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದವನು ನಾನು!

ಕನ್ನಡಕ ಬಂತು. ಹುಡುಗ ಮುಂದಿನ ಬೆಂಚಿಗೆ ಬಂದ. ಅವನೇನೂ ರ್‍ಯಾಂಕ್ ಗಳಿಸಲಿಲ್ಲ. ಎಲ್ಲ ಕುದುರೆಗಳೂ ಸ್ನೋಮ್ಯಾನ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ವಿಜ್ಞಾನದಲ್ಲಿ 52 ಅಂಕ ತೆಗೆದು ಪಾಸಾದ.

ಪೋಷಕರೆ, ಮಗು ದಡ್ಡ, ಮೊಂಡ ಎನ್ನುವ ಮುನ್ನ ಒಮ್ಮೆ ನೋಡಿ. ಅದಕ್ಕೆ ಬೋರ್ಡು ಕಾಣುತ್ತಿದೆಯೇ? ಪಾಠ ಕೇಳಿಸುತ್ತಿದೆಯೇ? ಯಾವ ವಿಷಯಕ್ಕೆ, ಯಾರಿಗೆ ಹೆದರುತ್ತಿದೆ? ಮಕ್ಕಳೆ, ಕಾಣದಿದ್ದರೆ, ತಿಳಿಯದಿದ್ದರೆ ಎದ್ದು ನಿಂತು ಹೇಳಿ.

ಆ ಹುಡುಗ ಪಾಸಾದ ವರ್ಷವೇ ನಾನು ಬೆತ್ತವನ್ನು ಕೆಳಗಿಟ್ಟೆ. ಚಾಮರಾಜನಗರದ ಸಾಬರಿಗೆ ಬಿ.ಎಡ್. ಇಲ್ಲದೆಯೇ ತಿಳಿದಿದ್ದುದನ್ನು ಕಲಿಯಲು ನನಗೆ ಅಷ್ಟು ಕಾಲ ಬೇಕಾಯಿತು.